ವಂಶದಾಗ ಐತಿ ಅಂದ್ರ ಏನ್ರಿ?



ಅವ್ವನ ಶುಗರ್ 300 ದಾಟಿದಾಗ ರಾಮದುರ್ಗದಾಗ ಒಬ್ರು ಡಾಕ್ಟರ್ ಚೀಟಿ ಬರಕೋತ ಅಂದ್ರು, "ನಿಮ್ಮ ವಂಶದಾಗ ಐತಿ, ಏನ್ ಮಾಡಾಕ ಬರೂದಿಲ್ಲ." ಹೊರಗ ಬಂದು ಅವ್ವ ಕೇಳಿದ್ಲು, "ನಮ್ಮಪ್ಪ ಒಂದ್ ಗುಂಟೆ ಹೊಲ ಬಿಡಲಿಲ್ಲ, ಸಕ್ರಿ ಬ್ಯಾನಿ ಬಿಟ್ಟು ಹೋಗ್ಯಾನೇನೋ?"

ಜೀನ್ ಅನ್ನೋದು ಸುಳ್ಳಲ್ಲ. ಮೈಸೂರು, ಚಾಮರಾಜನಗರದ ಆದಿವಾಸಿ ಹಾಡಿಗಳಲ್ಲಿ ಕುಡಗೋಲು ರಕ್ತಕಣದ ಕಾಯಿಲೆ ವಂಶದಿಂದಲೇ ಬರುತ್ತದೆ. ಅಲ್ಲಿ ಮದುವೆಗೆ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿದರೆ ಹುಟ್ಟೋ ಮಗುವಿಗೆ ಅಪಾಯ ಐತೋ ಇಲ್ಲೋ ಗೊತ್ತಾಗುತ್ತದೆ. ಅಂಥ ಕಡೆ ಜೀನ್ ವಿಜ್ಞಾನ ಮೊದಲು ಹೋಗಬೇಕು. ಈಗ ಅದು ಹೋಗ್ತಿರೋದು ಎಂಜಲು ಕಳಿಸಿದರೆ ಡಯಟ್ ಚಾರ್ಟ್ ಕೊಡ್ತೀವಿ ಅನ್ನೋ ಕಂಪನಿಗಳ ಗಿರಾಕಿಗಳ ಮನೆಗೆ.

ಆದರೆ ಅವ್ವನ ಪ್ರಶ್ನೆಗೆ ಹತ್ತಿರದ ಉತ್ತರ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೇ ಹೆರಿಗೆ ದಾಖಲೆಗಳಲ್ಲಿತ್ತು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ಎರಡೂವರೆ ಕೇಜಿ ಒಳಗ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, ಚೆನ್ನಾಗಿ ತೂಕ ಇದ್ದು ಹುಟ್ಟಿದವರಲ್ಲಿ 3 ಮಂದಿಗೆ. ಅವ್ವನ ಶುಗರಿಗೂ ಇದೇ ಕಾರಣ ಅಂತ ನಾನು ಹೇಳೂದಿಲ್ಲ. ಆದರೆ ನಮ್ಮ ಆಯಿ ತುಂಬಿದ ಬಸುರಿ ಇದ್ದಾಗ ಬೇರೆಯವರ ಹೊಲದಾಗ ಸದಿ ತೆಗೀತಿದ್ಲು, ಒಣ ರೊಟ್ಟಿ ತಿಂದು. ಅದನ್ನೂ ವಂಶ ಅಂತಾನೇ ಬರೀಬೇಕಾ?

ಇನ್ನ 2022ಕ್ಕೆ ಬರ್ರಿ. ಶಾಲೆಯಲ್ಲಿ ಮೊಟ್ಟೆ ಕೊಡಬಾರದು ಅಂತ ಮಠಗಳು ಗದ್ದಲ ಎಬ್ಬಿಸಿದ್ದ ಹೊತ್ತು. ಹೊಸ ಶಿಕ್ಷಣ ನೀತಿಗಾಗಿ ಕರ್ನಾಟಕದ ಒಂದು ಸಮಿತಿ ಕೊಟ್ಟ ವರದಿ, ಭಾರತೀಯರ ಸಣ್ಣ ಮೈಕಟ್ಟಿಗೆ ಮೊಟ್ಟೆ, ಮಾಂಸ ಒಗ್ಗೂದಿಲ್ಲ ಅನ್ನೋಕೆ ಜೀನನ್ನೂ ಜನಾಂಗವನ್ನೂ ಎಳೆದು ತಂತು. ಯಾವ ಭಾರತೀಯರು ಸ್ವಾಮಿ? ನಮ್ಮ ಕೇರಿಯಾಗ ತಲೆತಲಾಂತರದಿಂದ ಮಾಂಸ ತಿಂದೇ ಬದುಕಿದವರು ಯಾವ ಜನಾಂಗ? ಜೀನ್ ಲೆಕ್ಕಾನೇ ಹಿಡಿಯೋದಾದ್ರೆ ದಕ್ಷಿಣದ ಬಹಳ ಜನಕ್ಕೆ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಸರಿಯಾಗಿ ಅರಗೂದಿಲ್ಲ, ಅದು ನಿಜವಾಗಿಯೂ ಜೀನಿನ ಸಂಗತಿ. ಹಾಲಿನ ವಿಷಯದಾಗ ಯಾರೂ ಜೀನ್ ನೆನಸಲಿಲ್ಲ.

ಅಕ್ಕನ ಮಗಳಿಗೆ ಈಗ ಏಳು ತಿಂಗಳು. ಮಾತೃಪೂರ್ಣ ಯೋಜನೆ 2017ರಿಂದ ಐತಿ, ಅಂಗನವಾಡಿಯಲ್ಲಿ ಬಸುರಿಯರಿಗೆ ಬಿಸಿ ಊಟ. ದಿನಾ ಹೋಗು ಅಂದೀನಿ. ನಿಮ್ಮ ಕೇರಿಯ ಅಂಗನವಾಡಿಯಾಗ ಬಸುರಿ ಹೆಣ್ಮಕ್ಕಳಿಗೆ ಊಟ, ತತ್ತಿ ಮುಟ್ತಾವೋ ಇಲ್ಲೋ, ನಾಳೆ ಹೋಗಿ ನೋಡಿ ಇಲ್ಲಿ ಬರೀರಿ. ಊರ ಹೆಸರು ಬರೆಯೋದು ಮರೀಬ್ಯಾಡ್ರಿ.