ಅಡುಗೆಮನೆ ಪಕ್ಕದ ಕಂಪ್ಯೂಟರು

ನಮ್ಮತ್ತೆಯವರಿಗೆ ನನ್ನ ಕೆಲಸದ ಬಗ್ಗೆ ಇರುವುದು ಒಂದೇ ಅನುಮಾನ. "ಆ ಕಪ್ಪು ಪರದೆ ಮೇಲೆ ಅಕ್ಷರ ತನ್ನಷ್ಟಕ್ಕೆ ತಾನು ಓಡ್ತಿರುತ್ತೆ, ನೀನು ಕೂತು ನೋಡ್ತಿರ್ತೀಯ. ಇದಕ್ಕೂ ದುಡ್ಡು ಕೊಡ್ತಾರೇನೇ?" ಎನ್ನುತ್ತಾರೆ. ಮಾತಿನಲ್ಲಿ ಕೊಂಕಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅವರಿಗೆ.

ಅಕ್ಷರ ಓಡುವುದು ನಾನು 'ಮೇಕ್' ಎಂದು ಬರೆದು ಎಂಟರ್ ಒತ್ತಿದಾಗ. ನಾನು ನೋಡಿಕೊಳ್ಳುವ ತಂತ್ರಾಂಶ ಸಿ ಭಾಷೆಯ ನಾನ್ನೂರು ಚಿಲ್ಲರೆ ಫೈಲುಗಳಲ್ಲಿ ಹರಡಿಕೊಂಡಿದೆ. ಅವುಗಳಲ್ಲಿ ಒಂದೊಂದನ್ನೂ ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಸೇರಿಸಬೇಕು. ಮೊದಲಿನಿಂದ ಶುರು ಮಾಡಿದರೆ ನನ್ನ ಹಳೇ ಲ್ಯಾಪ್‌ಟಾಪಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮೇಕ್ ಮಾಡುವ ಉಪಕಾರವೆಂದರೆ, ಯಾವ ಫೈಲು ಯಾವ ಹೊತ್ತಿನಲ್ಲಿ ಬದಲಾಯಿತು ಎಂದು ನೋಡಿ, ಬದಲಾದದ್ದನ್ನೂ ಅದನ್ನು ನೆಚ್ಚಿಕೊಂಡದ್ದನ್ನೂ ಮಾತ್ರ ಮತ್ತೆ ತಯಾರು ಮಾಡುವುದು. ಆದರೆ ಎಲ್ಲ ಫೈಲುಗಳೂ ಒಳಗೆ ಸೇರಿಸಿಕೊಳ್ಳುವ ಹೆಡರ್ ಫೈಲೊಂದನ್ನು ಮುಟ್ಟಿದಿರೋ, ಪೂರ್ತಿ ಇಪ್ಪತ್ತು ನಿಮಿಷ. ನಾನು ಕುಕ್ಕರ್ ಇಡುವುದು ಆಗಲೇ.

ಇದನ್ನು ಬಿಡಿಸಿ ಹೇಳಿದಾಗ ಅತ್ತೆ, "ಚಟ್ನಿ ಕೆಟ್ಟರೆ ಚಟ್ನಿ ಒಂದನ್ನೇ ಮತ್ತೆ ರುಬ್ಬಿದರಾಯ್ತು. ಹಿಟ್ಟೇ ಕೆಟ್ಟರೆ ಇಡ್ಲಿ, ದೋಸೆ, ಪಡ್ಡು ಎಲ್ಲಾ ಮತ್ತೆ. ಅಷ್ಟೇ ತಾನೆ?" ಎಂದರು. ಅಷ್ಟೇ! ಗ್ನೂ ಮೇಕ್‌ನ ಕೈಪಿಡಿಯಲ್ಲಿ ಏನು ಮಾಡಬೇಕೆಂದು ಹೇಳುವ ಸಾಲುಗಳಿಗೆ 'ರೆಸಿಪಿ' ಎಂದೇ ಹೆಸರು. ಹೆಂಗಸೆಂದು ನಾನು ಅಡುಗೆಮನೆಯನ್ನು ಎಳೆದು ತಂದದ್ದಲ್ಲ.

ಮೇಕ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಸ್ಟೀವ್ ಜಾನ್ಸನ್ ಎಂಬಾತ ಒಂದು ಬೆಳಗ್ಗೆಯೆಲ್ಲ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಸುಸ್ತಾಗಿದ್ದರಂತೆ. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೇ. ಅವರ ಗೋಳು ಕೇಳಿದ ಸ್ಟೂವರ್ಟ್ ಫೆಲ್ಡ್‌ಮನ್ ಇದನ್ನು ಬರೆದರು. ಅದರಲ್ಲಿ ರೆಸಿಪಿಯ ಪ್ರತಿ ಸಾಲೂ ಟ್ಯಾಬ್ ಕೀಲಿಯಿಂದಲೇ ಶುರುವಾಗಬೇಕು. ಖಾಲಿ ಜಾಗ ಬಿಟ್ಟರೆ ಕಣ್ಣಿಗೆ ಎರಡೂ ಒಂದೇ, ಮೇಕ್ ಮಾತ್ರ ಮುಷ್ಕರ ಹೂಡುತ್ತದೆ. ಇದು ಸರಿಯಲ್ಲವೆಂದು ಫೆಲ್ಡ್‌ಮನ್‌ರಿಗೆ ಬೇಗನೇ ತಿಳಿಯಿತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಗೆಳೆಯರು ಬಳಸತೊಡಗಿದ್ದರು, ಅವರಿಗೆ ತೊಂದರೆಯಾಗಬಾರದೆಂದು ಹಾಗೆಯೇ ಬಿಟ್ಟರು. ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಲೋಕದ ಪ್ರೋಗ್ರಾಮರುಗಳೆಲ್ಲ ಇಂದಿಗೂ ಟ್ಯಾಬ್ ಒತ್ತುತ್ತಿದ್ದಾರೆ. ನಮ್ಮ ಮನೆಗಳ ಎಷ್ಟೋ ಸಂಪ್ರದಾಯಗಳೂ ಹೀಗೇ ಹುಟ್ಟಿರಬೇಕೆಂದು ನನ್ನ ಗುಮಾನಿ.

ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದ ಕೆಲಸಕ್ಕೆ 2021ರಲ್ಲಿ ಮರಳುವಾಗ ನನ್ನ ಬಳಿ ಇದ್ದದ್ದು ಇದೇ ಲ್ಯಾಪ್‌ಟಾಪು. ಅದರ ತಂತ್ರಾಂಶ ಹಳತಾಗಿ ರಿಪೇರಿ ಬರುವುದೂ ನಿಂತಿತ್ತು. "ಹೊಸದು ತಗೋ, ಇಲ್ಲಾ ಬಿಟ್ಟುಬಿಡು" ಎಂದರು ನಮ್ಮವರು. ಹೊಸದಕ್ಕೆ ದುಡ್ಡಿರಲಿಲ್ಲ, ಬಿಡುವುದಕ್ಕೆ ಮನಸ್ಸಿರಲಿಲ್ಲ. ಡೆಬಿಯನ್ ಹಾಕಿಕೊಂಡೆ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು ಅದು. ತನ್ನ ಹೆಸರಿನ ಮುಂದೆ ಗೆಳತಿ ಡೆಬ್ರಾಳ ಹೆಸರು ಸೇರಿಸಿ ಇಟ್ಟ ಹೆಸರು. ಅದರ ಮೇಲೆ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್. ಒಂದಕ್ಕೂ ಕಾಸು ಕೊಟ್ಟಿಲ್ಲ. ಮೊದಲ ತಿಂಗಳ ಸಂಬಳ ಬಂದ ದಿನ ನಮ್ಮವರು ಲ್ಯಾಪ್‌ಟಾಪಿನ ಧೂಳು ಒರೆಸಿದರು!

"ಸಂಬಳ ಇಲ್ಲದೆ ಯಾರೇ ಇಷ್ಟೆಲ್ಲಾ ಮಾಡ್ತಾರೆ?" ಎಂದು ಅತ್ತೆಗೆ ಆಶ್ಚರ್ಯ. ಲಿನಕ್ಸ್‌ನಂಥ ದೊಡ್ಡ ಕೆಲಸಗಳಿಗೆ ಕಂಪನಿಗಳು ಸಂಬಳ ಕೊಟ್ಟು ಜನ ಇಡುತ್ತವೆ. ಆದರೆ ಅದರ ಅಕ್ಕಪಕ್ಕದ ಸಣ್ಣಪುಟ್ಟ ಕೆಲಸಗಳು ಎಷ್ಟೋ ಸಲ ಒಬ್ಬೊಬ್ಬರ ಬಿಡುವಿನ ವೇಳೆಯಲ್ಲಿ ನಡೆಯುತ್ತವೆ. ಪ್ರಶ್ನೆ ಕೇಳಿದವರು ನಲವತ್ತೈದು ವರ್ಷ ಬೆಳಗ್ಗೆ ಐದಕ್ಕೆದ್ದು ಒಲೆ ಹಚ್ಚಿದವರು ಎಂಬುದನ್ನು ನಾನು ನೆನಪಿಸಲು ಹೋಗಲಿಲ್ಲ.

2024ರ ಮಾರ್ಚ್ 29ರ ರಾತ್ರಿ ಒಂದು ಸುದ್ದಿ ಬಂದು ನಾನು ಊಟದ ತಟ್ಟೆ ಬಿಟ್ಟು ಎದ್ದೆ. ಫೈಲುಗಳನ್ನು ಹಿಂಡಿ ಚಿಕ್ಕದು ಮಾಡುವ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶವಿದೆ; ಲಿನಕ್ಸ್ ಇರುವಲ್ಲೆಲ್ಲ ಹೆಚ್ಚುಕಡಿಮೆ ಅದೂ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಫಿನ್ಲೆಂಡಿನ ಲಾಸ್ಸೆ ಕಾಲಿನ್, ಸಂಬಳವಿಲ್ಲದೆ. ಯಾರುಯಾರೋ 'ಯಾಕಿಷ್ಟು ತಡ?' ಎಂದು ಅವರನ್ನು ಮೂದಲಿಸಿದರು. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನವನೊಬ್ಬ ಸಹಾಯಕ್ಕೆ ಬಂದ. ಎರಡು ವರ್ಷ ಒಳ್ಳೆಯ ಕೆಲಸವನ್ನೇ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲಿಟ್ಟ. ಇಟ್ಟದ್ದೆಲ್ಲಿ ಗೊತ್ತೆ? ಕಂಪೈಲ್ ಮಾಡುವ ಹೊತ್ತಿಗೆ ಓಡುವ ತಯಾರಿಯ ಸಾಲುಗಳಲ್ಲಿ. ಸಿ ಫೈಲುಗಳನ್ನು ಎಷ್ಟು ಓದಿದರೂ ಕಾಣದು. ತಯಾರಾಗುವಾಗ ವಿಷ ತಾನಾಗಿ ಬೆರೆಯುತ್ತದೆ. ಆಂಡ್ರೆಸ್ ಫ್ರಾಯಿಂಡ್ ಎಂಬ ಪ್ರೋಗ್ರಾಮರಿಗೆ ಡೆಬಿಯನ್‌ನ ಪ್ರಯೋಗದ ಆವೃತ್ತಿಯಲ್ಲಿ ದೂರದ ಕಂಪ್ಯೂಟರಿಗೆ ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವೆನಿಸಿತು. ಎಳೆ ಹಿಡಿದು ಹೊರಟು ಕಳ್ಳಬಾಗಿಲನ್ನೇ ಕಂಡುಹಿಡಿದರು. ಸಾಮಾನ್ಯರು ಬಳಸುವ ಡೆಬಿಯನ್‌ಗೆ ಅದಿನ್ನೂ ತಲುಪಿರಲಿಲ್ಲ. ನನ್ನಲ್ಲಿದ್ದದ್ದು ಹಳೆಯ 5.4, ಕೆಟ್ಟದ್ದು 5.6. ನೋಡಿ ನಿಟ್ಟುಸಿರು ಬಿಟ್ಟು ಬಂದು ಅತ್ತೆಗೆ ಕಥೆ ಹೇಳಿದೆ. ಕಳ್ಳನ ವಿಷಯ ಅವರು ಕೇಳಲೇ ಇಲ್ಲ. "ಆ ಫಿನ್ಲೆಂಡಿನವನಿಗೆ ಮೊದಲೇ ಯಾರಾದ್ರೂ ಕೈಜೋಡಿಸಬಾರದಿತ್ತಾ?" ಎಂದು ಕೇಳಿ ಎದ್ದುಹೋದರು.

ಆಮೇಲೆ ನಾನೂ ಭಾನುವಾರ ಮಧ್ಯಾಹ್ನ ಒಂದು ಗಂಟೆ ಮೆನುಗಳ ಕನ್ನಡ ಅನುವಾದಕ್ಕೆ ಕೂರುತ್ತಿದ್ದೇನೆ. ಅತ್ತೆ ಮಹಿಳಾ ಸಮಾಜದ ಲೆಕ್ಕವನ್ನು ಈಗ ಲಿಬ್ರೆಆಫೀಸಿನ ಕನ್ನಡದಲ್ಲೇ ಬರೆಯುವುದರಿಂದ ಪಕ್ಕದಲ್ಲಿ ಕೂತು ತಕರಾರು ತೆಗೆಯುತ್ತಾರೆ. ಮೊದಲ ತಕರಾರು ಮೊದಲ ಪದದ ಮೇಲೆಯೇ: "ಕಡತ ಅಂದ್ರೆ ತಾಲ್ಲೂಕು ಕಚೇರಿ ಬೀರು ನೆನಪಾಗುತ್ತೆ ಕಣೇ. ಫೈಲು ಅಂತ್ಲೇ ಇಡೋಕೆ ಹೇಳು ಅವರಿಗೆ." ಬರೆದು ಕೇಳಿದ್ದೇನೆ. ಉತ್ತರ ಬಂದಿಲ್ಲ, ಅವರಿಗೂ ಬಿಡುವಾಗಬೇಕಲ್ಲ.