ಪ್ರಯಾಣಿಕ ತಾಯಿಗೊಂದು ಮರೆ

ಕರಾವಳಿಯ ನಮ್ಮ ಮನೆಗಳಲ್ಲಿ ಪ್ರಯಾಣವೆಂದರೆ ಗಂಡಸರ ಪ್ರಯಾಣ. ಬೆಂಗಳೂರು, ಮುಂಬೈ, ದುಬೈ, ಸೌದಿ ಎಂದು ದುಡಿಮೆಯನ್ನು ಅರಸಿ ಹೊರಡುವವರು ಅವರು. ಬೀಳ್ಕೊಟ್ಟು ಬಾಗಿಲಲ್ಲಿ ನಿಲ್ಲುವವರು ನಾವು. ಮನೆಯಲ್ಲಿ ಕೈಗೂಸೊಂದಿದ್ದರಂತೂ ತಾಯಿಯ ಲೋಕವು ತೊಟ್ಟಿಲಿನಿಂದ ಬಚ್ಚಲಿನವರೆಗೆ ಕುಗ್ಗಿಬಿಡುತ್ತದೆ. "ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ಹೋದರಾಯಿತು" ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಒಂದು ಮಗು ದೊಡ್ಡದಾಗುವಷ್ಟರಲ್ಲಿ ಇನ್ನೊಂದು ತೊಟ್ಟಿಲಿಗೆ ಬರುತ್ತದೆ. ಹೀಗೆ ಹತ್ತು ಹನ್ನೆರಡು ವರ್ಷಗಳು ಸರಿದುಹೋಗುವುದುಂಟು.

ಪವಿತ್ರ ಕುರ್‌ಆನ್ ಭೂಮಿಯಲ್ಲಿ ಸಂಚರಿಸಿರಿ, ಸೃಷ್ಟಿಯು ಹೇಗೆ ಆರಂಭವಾಯಿತೆಂಬುದನ್ನು ಕಾಣಿರಿ ಎಂದು ಮನುಷ್ಯರನ್ನು ಕರೆಯುತ್ತದೆ. ಅಲ್ ಅನ್‌ಕಬೂತ್ ಅಧ್ಯಾಯದಲ್ಲಿರುವ ಈ ಕರೆ ಪುರುಷರಿಗೆ ಮಾತ್ರ ಸೀಮಿತವಾದುದಲ್ಲ. ಹಾಲುಣ್ಣುವ ಮಗುವುಳ್ಳ ತಾಯಿಗೆ ಆ ಕರೆಗೆ ಓಗೊಡುವುದು ಸಾಧ್ಯವೇ ಎಂಬ ಪ್ರಶ್ನೆ ಕಳೆದ ಫೆಬ್ರವರಿಯಲ್ಲಿ ನಮ್ಮ ಮುಂದೆ ಬಂದಿತು. ರಮಝಾನ್ ಮತ್ತು ಈದ್‌ನ ವ್ಯಾಪಾರಕ್ಕೆ ಬೇಕಾದ ಬಟ್ಟೆಗಳನ್ನು ಸಗಟು ದರದಲ್ಲಿ ಖರೀದಿಸಲು ಪತಿ ಬೆಂಗಳೂರಿನ ಚಿಕ್ಕಪೇಟೆಗೆ ಹೊರಟಿದ್ದರು. ಮೂರು ದಿನಗಳ ಕೆಲಸ. ಈ ಬಾರಿ ನಾವೂ ಜೊತೆಗೂಡಿದೆವು. ನಾವು ಎಂದರೆ ಎಂಟು ತಿಂಗಳ ಮಗಳು ಮತ್ತು ಅವಳ ತಾಯಿ.

ನಾವುಂದದಿಂದ ಬೆಂಗಳೂರಿಗೆ 400 ಕಿಲೋಮೀಟರಿಗೂ ಮಿಕ್ಕ ದಾರಿ. ಬೈಂದೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿಯಿಡೀ ಘಟ್ಟವನ್ನೇರಿ ಬೆಳಗ್ಗೆ ರಾಜಧಾನಿಯನ್ನು ಸೇರಬಹುದು. ಮಗುವಿಗೆ ರಾಗಿ ಮಣ್ಣಿಯ ಹಿಟ್ಟು, ಬಿಸಿನೀರಿನ ಫ್ಲಾಸ್ಕ್, ಹಳೆಯ ಸೀರೆಯ ಮೆತ್ತನೆಯ ಬಟ್ಟೆಗಳು, ಒಂದು ಜೋಲಿ, ಒಂದು ನಮಾಝಿನ ಚಾಪೆ. ಇಷ್ಟೇ ನಮ್ಮ ಸರಂಜಾಮು. ತಳ್ಳುಗಾಡಿಯನ್ನು ಬಿಟ್ಟು ಹೋದುದು ಒಳ್ಳೆಯದೇ ಆಯಿತು. ಪೇಟೆಯ ಕಾಲುದಾರಿಗಳಲ್ಲಿ ಅದನ್ನು ಹತ್ತು ಹೆಜ್ಜೆ ಉರುಳಿಸುವುದೂ ಕಷ್ಟ.

ಪ್ರಯಾಣಿಕನ ಬಗ್ಗೆ ನಮ್ಮ ಧರ್ಮವು ತೋರಿರುವ ಔದಾರ್ಯವನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಮಗುವನ್ನು ಎತ್ತಿಕೊಂಡು ನಡೆದಾಗ ಅದನ್ನು ಅನುಭವಿಸಿದೆವು. ನಾಲ್ಕು ರಕಅತ್‌ಗಳ ನಮಾಝ್ ಎರಡಾಗುತ್ತದೆ. ಶಾಫಿಈ ಮದ್ಹಬ್‌ನಂತೆ, ತಲುಪುವ ಮತ್ತು ಹೊರಡುವ ದಿನಗಳನ್ನು ಬಿಟ್ಟು ನಾಲ್ಕು ದಿನಗಳಿಗಿಂತ ಕಡಿಮೆ ತಂಗುವವರು ಝುಹರ್ ಮತ್ತು ಅಸರ್‌ಗಳನ್ನು ಒಟ್ಟುಗೂಡಿಸಿಯೂ ನಿರ್ವಹಿಸಬಹುದು. ಹನಫಿಗಳಲ್ಲಿ ಹೀಗೆ ಒಟ್ಟುಗೂಡಿಸುವ ರೂಢಿಯಿಲ್ಲದಿದ್ದರೂ ಹದಿನೈದು ದಿನಗಳಿಗಿಂತ ಕಡಿಮೆ ತಂಗುವವನಿಗೆ ಖಸ್ರ್ ಇದ್ದೇ ಇದೆ. ಹಾಲುಣಿಸುವ ತಾಯಿಗೆ ಉಪವಾಸದಲ್ಲಿಯೂ ರಿಯಾಯಿತಿಯಿದೆ. ಪ್ರಯಾಣಿಕ ಮತ್ತು ತಾಯಿ, ಈ ಇಬ್ಬರ ಹೊರೆಯನ್ನೂ ಅಲ್ಲಾಹನು ಬಲ್ಲನು. ಇಬ್ಬರೂ ಒಬ್ಬಳಲ್ಲಿಯೇ ಸೇರಿದಾಗ ಅವಳ ಹೊರೆ ಎಷ್ಟೆಂಬುದನ್ನು ಸಮಾಜವೂ ಅರಿಯಬೇಕಲ್ಲವೇ?

ಮೊದಲ ದಿನ ಬೆಳಗ್ಗೆ ಪತಿ ಅಂಗಡಿಗಳಿಗೆ ತೆರಳಿದರು. ವಸತಿಗೃಹದ ಕೋಣೆಯಲ್ಲಿ ನಾವಿಬ್ಬರೇ. ಮಧ್ಯಾಹ್ನದವರೆಗೂ ಗೋಡೆ ನೋಡುತ್ತಾ ಕುಳಿತುಕೊಳ್ಳುವುದಕ್ಕೆ ನಾವು ಘಟ್ಟ ಹತ್ತಬೇಕಾಗಿರಲಿಲ್ಲ. ಪತಿಗೆ ತಿಳಿಸಿ, ಜೋಲಿಯನ್ನು ಎದೆಗೆ ಕಟ್ಟಿಕೊಂಡು ಹೊರಟೆವು. ಕೃಷ್ಣರಾಜೇಂದ್ರ ಮಾರುಕಟ್ಟೆಯ ನೆಲದಡಿಯ ನಿಲ್ದಾಣದಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಎರಡೇ ನಿಲ್ದಾಣ ದಾಟಿದರೆ ಲಾಲ್‌ಬಾಗ್. ರೈಲು ಕತ್ತಲಿನಿಂದ ಮೇಲಕ್ಕೆ ಬಂದು ಬಿಸಿಲನ್ನು ಕಂಡಾಗ ಮಗಳು ಕೇಕೆ ಹಾಕಿದಳು. ಹಣೆಯಲ್ಲಿ ವಿಭೂತಿ ಧರಿಸಿದ್ದ ಕಾಲೇಜು ಹುಡುಗನೊಬ್ಬ ಮಾತಿಲ್ಲದೆ ಎದ್ದು ಆಸನ ಬಿಟ್ಟುಕೊಟ್ಟು, ಬಾಗಿಲ ಕಡೆ ಮುಖ ಮಾಡಿ ನಿಂತುಕೊಂಡನು.

ಲಾಲ್‌ಬಾಗನ್ನು ಆರಂಭಿಸಿದವರು ಹೈದರ್ ಅಲಿ, 1760ರಲ್ಲಿ. ಮುಂದೆ ಟಿಪ್ಪು ಸುಲ್ತಾನರು ದೂರದ ನಾಡುಗಳಿಂದ ಸಸಿ ಮತ್ತು ಬೀಜಗಳನ್ನು ತರಿಸಿ ಅದನ್ನು ಬೆಳೆಸಿದರು. ಗಾಜಿನ ಮನೆ 1889ರದ್ದು. ಆದರೆ ನಮ್ಮನ್ನು ತಡೆದು ನಿಲ್ಲಿಸಿದುದು ಅಲ್ಲಿನ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಎಂಟು ತಿಂಗಳ ಮಗು ಆ ಬಂಡೆಯ ಮೇಲೆ ಅಂಗೈಯೂರಿ ತೆವಳಿತು. ಸೃಷ್ಟಿಯ ಆರಂಭವನ್ನು ಕಾಣಿರೆಂಬ ಕರೆಗೆ ಇದಕ್ಕಿಂತ ಸಮೀಪದ ಉತ್ತರ ನಮಗೆ ಬೇರೆ ದೊರೆತಿಲ್ಲ.

ಮರುದಿನ ಮಾರುಕಟ್ಟೆಯ ಹೂವಿನ ಸಾಲುಗಳ ನಡುವೆ ಮಗು ಹಸಿವಿನಿಂದ ಅಳತೊಡಗಿತು. ಕುಳಿತುಕೊಳ್ಳಲು ಒಂದು ಕಲ್ಲೂ ಇಲ್ಲದ ಜನಜಂಗುಳಿ. ಸನಿಹದ ಮಸೀದಿಯೊಂದರ ಬಾಗಿಲಿಗೆ ಹೋಗಿ, ಹಾಲುಣಿಸಿ ನಮಾಝ್ ಮುಗಿಸಿಕೊಳ್ಳಲು ಒಂದು ಮೂಲೆ ದೊರೆಯಬಹುದೇ ಎಂದು ಕೇಳಿದೆವು. ಸ್ತ್ರೀಯರಿಗೆ ಇಲ್ಲಿ ವ್ಯವಸ್ಥೆಯಿಲ್ಲವೆಂಬ ಉತ್ತರ ಬಂತು. ಒರಟಾಗಿಯೇನೂ ಹೇಳಲಿಲ್ಲ, ಆದರೆ ಬೇರೆಲ್ಲಿಗೆ ಹೋಗಬಹುದೆಂದೂ ಹೇಳಲಿಲ್ಲ. ಹಿಂದಿರುಗುವಾಗ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ಕೈಬೀಸಿ ಕರೆದರು. "ಬಾಮ್ಮಾ, ಇಲ್ಲಿ ಕೂತ್ಕೋ. ಮಗೂಗೆ ಹಾಲು ಕೊಡು, ನಾನು ಅಡ್ಡ ಇರ್ತೀನಿ" ಎಂದು ತಮ್ಮ ಮಣೆಯನ್ನೇ ಕೊಟ್ಟು, ಛತ್ರಿ ಬಿಚ್ಚಿ, ನಮಗೆ ಬೆನ್ನು ತಿರುಗಿಸಿ ಕುಳಿತು ಹೂ ಕಟ್ಟುವುದನ್ನು ಮುಂದುವರಿಸಿದರು. ಮಗು ಕುಡಿದು ನಿದ್ರಿಸುವವರೆಗೂ ಅವರು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಆ ಬೆನ್ನನ್ನು ನೋಡುತ್ತಿದ್ದಂತೆ ನಮಗೆ ಉಮ್ಮು ಸಲಮಾ(ರ) ನೆನಪಾದರು. ಪತಿ ಅಬೂ ಸಲಮಾ(ರ) ಮದೀನಕ್ಕೆ ಹಿಜ್ರಾ ಹೊರಟಾಗ ಅವರ ಕುಟುಂಬಿಕರು ಅವರನ್ನು ತಡೆದು ಇಟ್ಟುಕೊಂಡರು. ಪತಿಯ ಕಡೆಯವರು ಮಗುವನ್ನು ಕಸಿದುಕೊಂಡರು. ಸುಮಾರು ಒಂದು ವರ್ಷ ಕಣ್ಣೀರಿಟ್ಟ ಬಳಿಕ ಮಗು ಮರಳಿ ದೊರೆತಾಗ ಆ ತಾಯಿ ಕೂಸನ್ನು ಮಡಿಲಲ್ಲಿರಿಸಿ ಒಂಟೆಯೇರಿ ಒಬ್ಬರೇ ಹೊರಟುಬಿಟ್ಟರು. ಅವರ ಮುಂದಿದ್ದುದು ಕೂಡ 400 ಕಿಲೋಮೀಟರಿಗೂ ಮಿಕ್ಕ ದಾರಿಯೇ. ತನ್‌ಈಮ್‌ನಲ್ಲಿ ಎದುರಾದ ಉಸ್ಮಾನ್ ಬಿನ್ ತಲ್ಹಾ ಆಗ ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಆದರೂ ಒಂಟೆಯ ಮೂಗುದಾರ ಹಿಡಿದು ಕುಬಾದವರೆಗೂ ತಲುಪಿಸಿದರು. ತಂಗುವ ಸ್ಥಳ ಬಂದಾಗ ಒಂಟೆಯನ್ನು ಕೂರಿಸಿ ದೂರ ಸರಿಯುತ್ತಿದ್ದರು. ತಾಯಿ ಇಳಿದ ಮೇಲೆ ಬಂದು ಒಂಟೆಯನ್ನು ಕಟ್ಟಿ, ಬೇರೊಂದು ಮರದಡಿ ಮಲಗುತ್ತಿದ್ದರು. ಅವರಿಗಿಂತ ಸಭ್ಯನಾದ ಸಹಪಯಣಿಗನನ್ನು ಕಂಡಿಲ್ಲವೆಂದು ಉಮ್ಮು ಸಲಮಾ(ರ) ಮುಂದೆ ಸ್ಮರಿಸಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉಸ್ಮಾನ್ ಆ ತಾಯಿಗೆ ಮನೆಗೆ ಹಿಂದಿರುಗೆಂದು ಬುದ್ಧಿ ಹೇಳಲಿಲ್ಲ. ಮರಳುಗಾಡು ಅಪಾಯಕಾರಿಯೆಂದು ತಡೆಯಲೂ ಇಲ್ಲ. ದಾರಿಯನ್ನು ಅವಳಿಗೆ ಸುಗಮಗೊಳಿಸಿದರು, ಮತ್ತು ಅವಳಿಗೆ ಬೇಕಾದಾಗ ಮುಖ ತಿರುಗಿಸಿ ಮರೆಯನ್ನು ಒದಗಿಸಿದರು. ಮೆಟ್ರೋದ ಆ ಹುಡುಗನೂ ಹೂವಿನ ಅಜ್ಜಿಯೂ ಮಾಡಿದುದು ಇದನ್ನೇ. ಕೈಗೂಸುಳ್ಳ ತಾಯಿ ಲೋಕದಿಂದ ಕೇಳುವುದು ಇಷ್ಟನ್ನೇ: ಕುಳಿತುಕೊಳ್ಳಲು ಒಂದು ಜಾಗ, ಒಂದಿಷ್ಟು ನೀರು, ಒಂದು ಮರೆ.

ನಮ್ಮ ದೇಶದ ಸುಪ್ರೀಂ ಕೋರ್ಟ್ ಕೂಡ 2025ರ ಫೆಬ್ರವರಿಯಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸುವ ಕೊಠಡಿಗಳನ್ನು ಒದಗಿಸುವತ್ತ ರಾಜ್ಯಗಳು ಗಮನ ಹರಿಸಬೇಕೆಂದು ಹೇಳಿದೆ. ಸರಕಾರದಿಂದ ನ್ಯಾಯಾಲಯ ನಿರೀಕ್ಷಿಸುವುದನ್ನು ಅಲ್ಲಾಹನ ಭವನಗಳ ಮೇಲ್ವಿಚಾರಕರಾದ ನಾವು ನಮ್ಮಿಂದಲೇ ಏಕೆ ನಿರೀಕ್ಷಿಸಬಾರದು? ಪ್ರವಾದಿವರ್ಯರು(ಸ) ಮೊಮ್ಮಗಳು ಉಮಾಮರನ್ನು ಹೆಗಲಲ್ಲಿರಿಸಿ ನಮಾಝ್ ಮಾಡಿದ್ದಾರೆ. ಹಿಂದಿನ ಸಾಲಿನಿಂದ ಕೂಸಿನ ಅಳು ಕೇಳಿಸಿದರೆ ತಾಯಿಯ ಸಂಕಟವನ್ನು ನೆನೆದು ನಮಾಝನ್ನು ಸಂಕ್ಷಿಪ್ತಗೊಳಿಸುತ್ತಿದ್ದರು. ಅಂದರೆ ಆ ಮಸೀದಿಯಲ್ಲಿ ತಾಯಂದಿರಿದ್ದರು, ಅಳುವ ಮಕ್ಕಳೂ ಇದ್ದರು. ಸ್ತ್ರೀಯರು ಜಮಾಅತ್‌ನಲ್ಲಿ ಪಾಲ್ಗೊಳ್ಳುವ ಕುರಿತು ನಮ್ಮ ವಿದ್ವಾಂಸರಲ್ಲಿರುವ ಅಭಿಪ್ರಾಯಭೇದವನ್ನು ನಾವಿಲ್ಲಿ ಎತ್ತಿಕೊಳ್ಳುವುದಿಲ್ಲ. ದಾರಿಹೋಕಳಾದ ತಾಯಿಗೆ ಒಂದು ನಳ್ಳಿ, ಒಂದು ಚಾಪೆ, ಒಂದು ಪರದೆ ಕೊಡುವುದಕ್ಕೆ ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ನಾವು ಇರುವುದು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ ಹರಿಯುವ ಮರವಂತೆ ನಮಗೆ ನೆರೆಯ ಊರು. ಅಲ್ಲಿ ನಿತ್ಯವೂ ಕುಟುಂಬಗಳು ಕಾರು, ಬಸ್ಸುಗಳನ್ನು ನಿಲ್ಲಿಸಿ ಇಳಿಯುತ್ತವೆ. ಅವುಗಳಲ್ಲಿ ಕೂಸನ್ನೆತ್ತಿಕೊಂಡು ಮರೆಗಾಗಿ ಸುತ್ತಮುತ್ತ ನೋಡುವ ತಾಯಂದಿರೂ ಇರುತ್ತಾರೆ. ಅವರ ಧರ್ಮ ಯಾವುದೇ ಇರಲಿ. ಹೆದ್ದಾರಿ ಬದಿಯ ನಮ್ಮ ಮಸೀದಿಗಳ ಆವರಣದಲ್ಲಿ, ಪ್ರತ್ಯೇಕ ಬಾಗಿಲಿರುವ ಒಂದು ಪುಟ್ಟ ಕೋಣೆಯನ್ನು ಅವರಿಗಾಗಿ ಮೀಸಲಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಜಮಾಅತ್ ಕಮಿಟಿಯ ಸಹೋದರರು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲಿ. ಚಾಪೆ, ಪರದೆ, ತೊಟ್ಟಿಲಿನ ವೆಚ್ಚವನ್ನು ಹಂಚಿಕೊಳ್ಳಲು ಮನೆಯ ಹೆಂಗಸರಾದ ನಾವು ಸಿದ್ಧರಿದ್ದೇವೆ.

ಪ್ರಯಾಣಿಕರ ಪ್ರಾರ್ಥನೆಯನ್ನು ಅಲ್ಲಾಹನು ತಿರಸ್ಕರಿಸುವುದಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಪರಿಚಿತ ತಾಯಿಯೊಬ್ಬಳು ನಮ್ಮ ಊರನ್ನು ದಾಟುವಾಗ ಮಾಡುವ ಪ್ರಾರ್ಥನೆಯಲ್ಲಿ ನಮಗೂ ಪಾಲು ದೊರೆಯಲಿ. ದಾರಿಗರಿಗೆ ದಾರಿಯನ್ನು ಸುಗಮಗೊಳಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನೂ ಸೇರಿಸಲಿ, ಆಮೀನ್.