26 ಸಾವಿರದ ಸೆಟ್ಟು ಮತ್ತು ಅಪ್ಪನ ಕಿವಿ

ಕಾರಿಗೆ ಹೊಸ ಮ್ಯೂಸಿಕ್ ಸೆಟ್ ಹಾಕಿಸ್ತೀನಿ ಅಂತ ಅಣ್ಣ ಹೇಳಿದ ರಾತ್ರಿ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಬೆಲೆ 26,000 ರೂಪಾಯಿ. ಅದೇ ವಾರ ಅತ್ತಿಗೆ ಮಗಳ ಶಾಲೆ ಫೀಸಿಗೆ ಅಂತ ಸ್ವಸಹಾಯ ಸಂಘದಲ್ಲಿ ಸಾಲ ಕೇಳಿ ಬಂದಿದ್ದರು.

ಅಣ್ಣನದು ಸೆಕೆಂಡ್ ಹ್ಯಾಂಡ್ ಬಾಡಿಗೆ ಕಾರು. ಬಳ್ಳಿಗಾವಿಯಿಂದ ಶಿರಾಳಕೊಪ್ಪ, ಶಿಕಾರಿಪುರ, ಆನವಟ್ಟಿ ಅಂತ ದಿನವಿಡೀ ಓಡಾಟ. ಮದುವೆ, ಆಸ್ಪತ್ರೆ, ಕೇದಾರೇಶ್ವರ ದೇವಸ್ಥಾನ ನೋಡೋಕೆ ಬರುವವರು, ಎಲ್ಲಾ ಬಾಡಿಗೆಗೂ ಹೋಗ್ತಾನೆ. ಗೆಳೆಯನ ಕಾರಿನಲ್ಲಿ ದೊಡ್ಡ ಪರದೆಯ ಸೆಟ್ ನೋಡಿ ಬಂದಾಗಿನಿಂದ ಅವನಿಗೆ ಅದೇ ಧ್ಯಾನ.

"ಒಂದ್ಸಲ ಕೂತು ಕೇಳು, ಎದೆಗೆ ಬಂದು ಬಡಿಯುತ್ತೆ. ನಮ್ಮದ್ರಲ್ಲಿ ಹಾಡು ಹಾಕಿದ್ರೆ ಕೊಡದೊಳಗೆ ಬಾಯಿಟ್ಟು ಕೂಗಿದಂಗಿರುತ್ತೆ" ಅಂದ.

ಹೋಗಿ ಕೇಳಿದೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ನನಗೊಂದು ಅನುಮಾನ. ಆ ಕಾರೇ ಬೇರೆ, ಅದರ ಸ್ಪೀಕರ್ ಬೇರೆ, ಬಾಗಿಲು ಬೇರೆ. ಹಾಗಿರುವಾಗ ಚೆನ್ನಾಗಿ ಕೇಳಿಸ್ತಿರೋದು ಸೆಟ್ಟಿನಿಂದಲೇ ಅಂತ ಹೇಗೆ ಹೇಳೋದು?

ಗೆಳೆಯ ಒಳ್ಳೆಯವನು, ಒಂದು ಭಾನುವಾರಕ್ಕೆ ಸೆಟ್ ಬಿಚ್ಚಿ ಕೊಟ್ಟ. ವೈರಿಂಗ್ ಮಾಡುವ ಹುಡುಗನನ್ನು ಕರೆಸಿದೆವು. ನಮ್ಮ ಕಾರಿನ ಅದೇ ಸ್ಪೀಕರುಗಳಿಗೆ ಒಮ್ಮೆ ಹಳೆ ಸೆಟ್, ಒಮ್ಮೆ ಹೊಸದು, ಒಂದು ಸ್ವಿಚ್ಚಿನಲ್ಲಿ ಬದಲಾಗುವ ಹಾಗೆ ಜೋಡಿಸಿಕೊಟ್ಟ. ಕಣದಲ್ಲಿ ಕಾರು ನಿಲ್ಲಿಸಿದೆವು.

ಕೇಳುವವರು ಯಾರು? ಅಪ್ಪ. 30 ವರ್ಷ ಡೊಳ್ಳು ಬಾರಿಸಿದವರು. ನಮ್ಮೂರು ಅಲ್ಲಮಪ್ರಭುವಿನ ಊರು. ಪ್ರಭುದೇವರು ಮದ್ದಳೆ ಬಾರಿಸುತ್ತಿದ್ದರು ಅನ್ನೋದು ಹರಿಹರನ ರಗಳೆಯಲ್ಲೇ ಇದೆ. ಅದಕ್ಕೇ ಏನೋ, ವಾದ್ಯದ ವಿಷಯ ಬಂದರೆ ನಮ್ಮೂರವರಿಗೆ ಜಂಬ ಸ್ವಲ್ಪ ಜಾಸ್ತಿ. ಅಪ್ಪನಿಗಂತೂ ಇನ್ನೂ ಜಾಸ್ತಿ.

ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕಣ್ಣಿಗೆ ಟವೆಲ್ ಕಟ್ಟಿದೆವು. ಪೆನ್‌ಡ್ರೈವಿನಲ್ಲಿ ಅವರ ಮೇಳದ ಡೊಳ್ಳಿನ ರೆಕಾರ್ಡಿಂಗೇ ಇತ್ತು. ನಾಲ್ಕು ಸಲ ಬದಲಿಸಿದೆವು. ನಾಲ್ಕೂ ಸಲ "ಇದೇ ಹೊಸದು, ಇದೇ ಚಲೋ" ಅಂತ ಸರಿಯಾಗಿ ಹೇಳಿದರು. ಅಣ್ಣ ನನ್ನ ಕಡೆ ನೋಡಿ ನಕ್ಕ.

ಆಗ ವೈರಿಂಗ್ ಹುಡುಗ, "ಅಣ್ಣಾ, ಹೊಸದ್ರಲ್ಲಿ ಬಾಸ್ ಮೊದಲೇ ಏರಿಸಿಟ್ಟಿದ್ದಾರೆ. ವಾಲ್ಯೂಮೂ ಜೋರಿದೆ" ಅಂದ. ಒಂದು ಸೆಟ್ಟಿನ 20ನೇ ನಂಬರೂ ಇನ್ನೊಂದರ 20ನೇ ನಂಬರೂ ಒಂದೇ ಅಲ್ಲ. ಮನುಷ್ಯನ ಕಿವಿಗೆ ಸ್ವಲ್ಪ ಜೋರಾಗಿರೋದೇ ಚೆನ್ನಾಗಿದೆ ಅನ್ನಿಸುತ್ತೆ. ಎರಡರ ಬಾಸ್, ಟ್ರೆಬಲ್ ಸೊನ್ನೆಗೆ ತಂದು, ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ ವಾಲ್ಯೂಮ್ ಸಮ ಮಾಡಿದೆವು. ಈಗ ಹತ್ತು ಸಲ ಬದಲಿಸಿದೆವು. ಅಪ್ಪ ಸರಿ ಹೇಳಿದ್ದು 5. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಇದಕ್ಕೆ ಕಾರಣ ಇದೆ. ಎರಡೂ ಸೆಟ್ಟಿನ ಡಬ್ಬಿ ಮೇಲೆ ಒಂದೊಂದು ಸ್ಪೀಕರಿಗೆ 50 ವ್ಯಾಟ್ ಅಂತ ಬರೆದಿತ್ತು. ಆದರೆ ಇಂಜಿನ್ ಓಡುವಾಗ ಕಾರಿನಲ್ಲಿ ಸಿಗೋದೇ ಸುಮಾರು 14 ವೋಲ್ಟ್. ಅಷ್ಟರಲ್ಲಿ 4 ಓಮ್ ಸ್ಪೀಕರಿಗೆ ಸದ್ದು ಒಡೆಯದ ಹಾಗೆ ಕೊಡಬಹುದಾದದ್ದು ಹೆಚ್ಚುಕಮ್ಮಿ 20 ವ್ಯಾಟ್. 50 ಅನ್ನೋದು ಸದ್ದು ಪೂರ್ತಿ ಒಡೆದ ಮೇಲಿನ ಲೆಕ್ಕ. ಬಾವಿಯಲ್ಲಿರೋ ನೀರೇ ಅಷ್ಟು, ಪಂಪ್ ಯಾವ ಕಂಪನಿಯದಾದರೇನು? ಹೆಚ್ಚು ಬೇಕಂದರೆ ವೋಲ್ಟೇಜ್ ಏರಿಸಿಕೊಳ್ಳುವ ಆಂಪ್ಲಿಫೈಯರ್ ಬೇರೆ ಹಾಕಬೇಕು. ಇನ್ನು ಪೆನ್‌ಡ್ರೈವಿನ ಹಾಡನ್ನು ಸದ್ದಾಗಿ ಬದಲಿಸುವ ಚಿಪ್ ಇವತ್ತು ಸಾಧಾರಣ ಸೆಟ್ಟಿನಲ್ಲೂ ಚೆನ್ನಾಗಿಯೇ ಇರುತ್ತೆ.

ಅಣ್ಣನ ಮುಖ ಸಪ್ಪಗಾಯಿತು. "ಹಂಗಾದ್ರೆ ಅವನ ಕಾರಲ್ಲಿ ಯಾಕೆ ಚೆನ್ನಾಗಿ ಕೇಳುತ್ತೆ?" ಅಂದ.

ಅಪ್ಪ ಟವೆಲ್ ಬಿಚ್ಚಿದವರು ಮಾತಾಡದೆ ಕೆಳಗಿಳಿದರು. ಡೊಳ್ಳು ಕೊಳ್ಳುವ ಮುಂಚೆ ಬಡಿದು ನೋಡುವ ಹಾಗೆ ಬಾಗಿಲನ್ನು ಬೆರಳಿನಿಂದ ಬಡಿದರು. ಡಬ್ಬ ಬಡಿದ ಹಾಗೆ ಗಡಗಡ ಅಂತು.

"ಡೊಳ್ಳಿಗೆ ಮೊದಲು ಮರದ ಗೂಡು ಗಟ್ಟಿ ಇರಬೇಕು. ಆಮೇಲೆ ಚರ್ಮ. ಬಾರಿಸೋನ ಕೈ ಅದಾದ ಮೇಲೆ. ಇಲ್ಲಿ ಗೂಡೇ ಸರಿಯಿಲ್ಲ. ಮೊದಲು ಇದನ್ನ ಬಿಚ್ರೋ."

ಬಾಗಿಲ ಒಳಹಲಗೆ ಬಿಚ್ಚಿದರೆ ಎಲ್ಲ ಗೊತ್ತಾಯಿತು. ಎಷ್ಟೋ ಮಳೆಗಾಲದ ನೀರು ಇಳಿದು ಎಡಗಡೆ ಸ್ಪೀಕರಿನ ಕಾಗದದ ಕೋನ್ ಅಂಚಿನಲ್ಲಿ ಹರಿದಿತ್ತು. ಬಲಗಡೆಯದಕ್ಕೆ ಹಿಂದೆ ಯಾರೋ ಪ್ಲಸ್, ಮೈನಸ್ ವೈರ್ ಉಲ್ಟಾ ಕೊಟ್ಟಿದ್ದರು. ಉಲ್ಟಾ ಇದ್ದರೆ ಒಂದು ಸ್ಪೀಕರ್ ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತೆ. ಎರಡೂ ಸೇರಿ ಬಾಸ್ ಅನ್ನೇ ತಿಂದುಹಾಕುತ್ತವೆ. ವೈರ್ ತಿರುಗಿಸಿ ಹಾಕಿದ್ದಕ್ಕೆ ಖರ್ಚು ಸೊನ್ನೆ. ಹರಿದ ಸ್ಪೀಕರ್ ಇದ್ದರೂ ಡೊಳ್ಳು ಆಗಲೇ ಸ್ವಲ್ಪ ತುಂಬಿ ಬಂತು.

ಮುಂದಿನ ವಾರ ಮುಂದಿನ ಎರಡು ಬಾಗಿಲಿಗೆ ಆರೂವರೆ ಇಂಚಿನ ಹೊಸ ಸ್ಪೀಕರ್ ಹಾಕಿಸಿದೆವು. ಬಾಗಿಲ ತಗಡು ನಡುಗದಂತೆ ಒಳಗೆ ಅಂಟಿಸುವ ದಪ್ಪ ಡ್ಯಾಂಪಿಂಗ್ ಶೀಟ್ ಹಾಕಿ, ದೊಡ್ಡ ತೂತುಗಳನ್ನೂ ಮುಚ್ಚಿದೆವು. ಸ್ಪೀಕರಿನ ಹಿಂಬದಿ ಸದ್ದು ಆ ತೂತುಗಳಿಂದ ಮುಂದೆ ಬಂದರೆ ಮುಂಬದಿ ಸದ್ದನ್ನು ಕೊಲ್ಲುತ್ತೆ. ಬಾಗಿಲ ಕೆಳಗಿನ ನೀರು ಇಳಿಯುವ ತೂತು ಮಾತ್ರ ಮುಚ್ಚಬಾರದು, ತುಕ್ಕು ಹಿಡಿಯುತ್ತೆ. ಒಟ್ಟು ಖರ್ಚು 5,400 ರೂಪಾಯಿ.

ಹರಿದ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡೋದು ಸರಿಯಲ್ಲ ಅಂತ ಅಣ್ಣ ಹಟ ಹಿಡಿದ. ಅವನ ಮಾತಲ್ಲೂ ನ್ಯಾಯ ಇತ್ತು. ಗೆಳೆಯನ ಸೆಟ್ ಮತ್ತೆ ತಂದು ಅದೇ ಪರೀಕ್ಷೆ ಮಾಡಿದೆವು. ಹತ್ತಕ್ಕೆ ಆರು. ಇಂಜಿನ್ ಆಫ್ ಮಾಡಿ, ಹಾಡು ನಿಲ್ಲಿಸಿ ಕಿವಿಗೊಟ್ಟಾಗ ಹಳೆ ಸೆಟ್ಟಿನಲ್ಲಿ ಸಣ್ಣ "ಸ್ಸ್" ಸದ್ದು ಇದೆ ಅಂತ ಅಪ್ಪ ಹಿಡಿದರು. ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಅದು ಅವರಿಗೂ ಕೇಳಲಿಲ್ಲ.

ಹಾಗಂತ ದುಬಾರಿ ಸೆಟ್ ದಂಡ ಅಂತ ನಾನು ಹೇಳೋದಿಲ್ಲ. ಅದರಲ್ಲಿ ಮ್ಯಾಪ್ ಇದೆ, ಹಿಂದಿನ ಕ್ಯಾಮೆರಾ ಇದೆ. ದೂರದ ಸ್ಪೀಕರಿನ ಸದ್ದೂ ಹತ್ತಿರದ್ದೂ ಒಟ್ಟಿಗೆ ಕಿವಿಗೆ ಬೀಳುವ ಹಾಗೆ ಹೊಂದಿಸುವ ವ್ಯವಸ್ಥೆ ಇದೆ. ಮುಂದೆ ಆಂಪ್ಲಿಫೈಯರ್ ಹಾಕುವವರಿಗೆ ಒಳ್ಳೆಯ ಔಟ್‌ಪುಟ್ ಇದೆ. ಇವು ಬೇಕಾದವರು ಕೊಡಲಿ. ಬರೀ "ಸೌಂಡ್ ಚೆನ್ನಾಗಿರುತ್ತೆ" ಅಂತ ಕೊಡಬೇಡಿ.

ಒಂದು ಮಾತು ಮಾತ್ರ ನನಗೆ ಇನ್ನೂ ಚುಚ್ಚುತ್ತೆ. ಪರೀಕ್ಷೆಯಲ್ಲಿ ಗೆದ್ದ ಖುಷಿಯಲ್ಲಿ ನಾನು, "ನೋಡು, ಇಪ್ಪತ್ತು ಸಾವಿರ ಉಳಿಸಿಕೊಟ್ಟೆ" ಅಂದಿದ್ದೆ. ಅಣ್ಣ ಅಂದ: "ನಿಂಗೆ ಕೂರೋಕೆ ರೂಮಿದೆ, ಟೇಬಲ್ ಇದೆ. ನಂಗೆ ದಿನಕ್ಕೆ ಹತ್ತು ತಾಸು ಆ ಸೀಟೇ ಮನೆ. ಅದನ್ನ ಸ್ವಲ್ಪ ಚೆಂದ ಮಾಡ್ಕೊಳ್ಳೋಣ ಅನ್ಕೊಂಡೆ, ಅಷ್ಟೆ."

ಅವನು ಕೇಳಿದ್ದು ಸೆಟ್ಟನ್ನಲ್ಲ ಅಂತ ಆಗ ಗೊತ್ತಾಯಿತು. ಫೀಸು ಕಟ್ಟಿಯಾಗಿದೆ, ಸಂಘದ ಸಾಲ ಬೇಕಾಗಲಿಲ್ಲ. ರಿವರ್ಸ್ ಕ್ಯಾಮೆರಾಗೆ ಅಂತ ಚಿಕ್ಕದೊಂದು ಪರದೆಯನ್ನು ಈ ದೀಪಾವಳಿಗೆ ನಾನೇ ಕೊಡಿಸ್ತೀನಿ ಅಂದಿದ್ದೀನಿ.

ನೀವೂ ಅಂಗಡಿಗೆ ಹೋಗುವ ಮುಂಚೆ ಒಂದು ಸಲ ಕಾರಿನ ಬಾಗಿಲು ಬಡಿದು ನೋಡಿ. ಸ್ಪೀಕರಿನ ಅಂಚು ಹರಿದಿದೆಯಾ, ವೈರ್ ಉಲ್ಟಾ ಇದೆಯಾ ನೋಡಿಸಿ. ವಾಟ್ಸಾಪಿನಲ್ಲಿ ಬಂದ ಸಣ್ಣ ಫೈಲಿನ ಹಾಡು ಬಿಟ್ಟು ಒಳ್ಳೆ ಫೈಲ್ ಹಾಕಿ ಕೇಳಿ. ಅಂಗಡಿಯಲ್ಲಿ ಎರಡು ಸೆಟ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಸಿ, ಕಣ್ಣು ಮುಚ್ಚಿ.

ಅಪ್ಪ ಈಗ ಶಿರಾಳಕೊಪ್ಪಕ್ಕೆ ಹೋಗೋದಿದ್ದರೆ ಬಸ್ಸು ಬಿಟ್ಟು ಅಣ್ಣನ ಕಾರಿಗೇ ಕಾಯ್ತಾರೆ. ಮುಂದಿನ ಸೀಟೇ ಬೇಕು, ಡೊಳ್ಳೇ ಹಾಕಬೇಕು.